ಇಪ್ಪತ್ತು ನಿಮಿಷ

ಬೆಟಗೇರಿಗೆ ಬಂದು ಇಪ್ಪತ್ತಾರು ದಿನ ಆತು.
ನನ್ನ ನಿದ್ದಿ ಇನ್ನೂ ಇಪ್ಪತ್ತ ನಿಮಿಷದ್ದು.
ಗಡಿಯಾರ ಒದರೂದು ಬ್ಯಾಡ, ಕಣ್ಣು ತಾವ ತೆರೀತಾವು,
ಕೈ ಹಾಸಿಗ್ಯಾಗ ಹಗ್ಗ ಹುಡುಕತೈತಿ.
ಎದ್ದು ಕುಂತು ನಾಲ್ಕೂ ದಿಕ್ಕು ನೋಡತೀನಿ:
ಟ್ರಂಕು, ಗ್ವಾಡಿ, ಕ್ಯಾಲೆಂಡರು, ಅವ್ವ.
ಹಡಗ ಯಾವೂ ಅಡ್ಡ ಬಂದಿಲ್ಲ.
ಮತ್ತ ಮಲಗತೀನಿ.

ಅವ್ವ ಉಪ್ಪು ಇಳೇ ತಗದು ಒಲಿಗೆ ಹಾಕಿದಳು.
ಉಪ್ಪು ಸಾಕವ್ವ ನನಗ, ಅಂದೆ,
ಕಿವಿಯೊಳಗಿಂದು ಇನ್ನೂ ಪೂರಾ ಹೋಗಿಲ್ಲ.

ಈ ರಾತ್ರಿ ಆಷಾಢದ ಗಾಳಿ
ಹುಲಕೋಟಿ ಕಡಿಯಿಂದ ಏರಿ ಬಂದು
ಮಾಳಿಗಿ ಮ್ಯಾಲಿನ ತಾಡಪತ್ರಿಗೆ ಬಾಯಿ ಹಾಕೇತಿ.
ಫಟ್. ಫಟ್. ಫಟಾರ್.
ಹಾಯಿ ಹರಿಯೂ ಮುಂಚೆ ಹಿಂಗ ಮಾತಾಡತೈತಿ.
ದುಪ್ಪಟ್ಟಾ ಸೊಂಟಕ್ಕ ಬಿಗಿದು
ಬರಿಗಾಲಿಲೆ ಏಣಿ ಹತ್ತಿದೆ.

ಗೋವಾ ಬಿಟ್ಟು ಹನ್ನೊಂದನೆ ದಿನ ಅದು.
ಗಾಳಿ ಎದ್ದು ಮೂರು ದಿನ ಆಗಿತ್ತು.
ಮೂವತ್ತಡಿ ದೋಣಿ, ನಾ ಒಬ್ಬಾಕಿ,
ಮಾರಿಗೆ ಹೊಡಿಯೂ ಮಳಿ ಜಲ್ಲಿಕಲ್ಲಿನಂಗ.
ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ
ಹಸಿಯಾಗಿ ಅರಬಿಗತೆ ಬಗ್ಗತಿದ್ದವು,
ಶೇಂಗಾ ಚಟ್ನಿ ಬೊಟ್ಟಿಲೆ ನೆಕ್ಕಿದೆ.
ದಣಿವು ಮದಲನೆ ದಿನ ಮೈಕೈಯಾಗ ಇರತೈತಿ,
ಎರಡನೆ ದಿನ ಕಣ್ಣಾಗ.
ಮೂರನೆ ದಿನ ನಿನ್ನ ದನಿ ತಾನ ತಗೊಂಡು
ಭಾಳ ಪ್ರೀತಿಲೆ ಹೇಳತೈತಿ:
ಸೊಂಟದ ಹಗ್ಗ ಬಿಚ್ಚು,
ಆರಾಮ ಅನಸತೈತಿ.

ಗಂಟಿನ ಮ್ಯಾಲೆ ಕೈ ಇಟ್ಟಿದ್ದೆ.
ಇದನ್ನ ಯಾರಿಗೂ ಹೇಳಿಲ್ಲ.

ಆವಾಗ ಕೇಳಿಸಿತು,
ಲಟಕ್ ಪಟಕ್, ಲಟಕ್ ಪಟಕ್.
ದೋಣಿ ಹಿಂಬದಿಯ ನೀರು ತುಂಬಿದ ಕುಣಿಯೊಳಗ
ಕಾಲು ಇಳಿಬಿಟ್ಟು ಅಪ್ಪ ಕುಂತಿದ್ದ,
ಮನ್ಯಾಗ ಕುಣಿಮಗ್ಗದ ಮುಂದ ಕುಂತಂಗ,
ಅದ ತೂತಿನ ಬನೀನು, ಕಿವಿಮ್ಯಾಗ ಅರ್ಧ ಬೀಡಿ.
ಜಗತ್ತೆಲ್ಲ ತೊಯ್ದಿತ್ತು, ಬೀಡಿ ಒಣಗೇ ಇತ್ತು.
ಎಪ್ಪಾ, ಎಲ್ಲಾ ಎಳಿ ಹರದಾವು! ಒದರಿದೆ.
ಆತ ಲಾಳಿ ಬಿಟ್ಟು ಮಾರಿ ಎತ್ತಲಿಲ್ಲ.
ಹರದ ಮ್ಯಾಲೆ ಜಗ್ಗಬಾರದವ್ವ ಶಾಕಂಬರಿ.
ಮಗ್ಗ ನಿಂದರ್ಸು. ನೀರು ಕುಡಿ.
ಆಮ್ಯಾಲೆ ಗಂಟು.

ನೀರು ಕುಡದೆ.
ದೊಡ್ಡ ಹಾಯಿ ಇಳಿಸಿ ಸುತ್ತಿದೆ,
ಸಣ್ಣದನ್ನ ಗಾಳಿಗೆ ಉಲ್ಟಾ ಬಿಗಿದೆ,
ಚುಕ್ಕಾಣಿ ಒಂದ ಮಗ್ಗಲಕ್ಕ ಕಟ್ಟಿದೆ.
ಓಡಾಕತ್ತಿದ್ದ ದೋಣಿ ಹೆಗಲು ಸಡಲಿಸಿ ನಿಂತಿತು,
ಬೇವಿನ ಗಿಡದ ಬುಡಕ್ಕ ಮಳಿ ತಡಕೊಂಡ ಎತ್ತಿನಂಗ.
ನೀ ಸ್ವಲ್ಪ ನೋಡಕೋ ಎಪ್ಪಾ, ಅಂದು
ಗಡಿಯಾರ ಒತ್ತಿ ಮಲಗಿದೆ.
ಇಪ್ಪತ್ತು ನಿಮಿಷ. ಎದ್ದು ಕತ್ತಲಿ ನೋಡಿದೆ.
ಮತ್ತ ಇಪ್ಪತ್ತು.
ಹಂಗ ಒಂಬತ್ತು ಸಲ.
ಹತ್ತನೆಗೆ ಎದ್ದಾಗ ಕುಣಿ ಖಾಲಿ,
ಮಾಡ ಹರಿದಲ್ಲೆ ಒಂದ ಒಂದು ಚಿಕ್ಕಿ.

ತಾಡಪತ್ರಿಯ ಹಾರೂ ಮೂಲಿ ಹಿಡದು ಮಡಚಿದೆ,
ಗಾಳಿಗೆ ಸಿಗೂ ಮೈ ಸಣ್ಣದು ಮಾಡಿದೆ,
ಕಬ್ಬಿಣ ಸಳಿಗೆ ಸುತ್ತಿ ಗಂಟು ಹಾಕಿದೆ.
ಬುಡಕ ಇದ್ದದ್ದು ಅವ್ವನ ಕುಳ್ಳು, ಅಷ್ಟ.
ಕೈ ಮಾತ್ರ ನಡುಗತಿದ್ದವು.

ಏಣಿ ಕಡೆ ಬ್ಯಾಟರಿ ಬೆಳಕು. ಅಪ್ಪ.
ಏನೂ ಕೇಳಲಿಲ್ಲ. ಗಂಟಿನ ಮ್ಯಾಲೆ ಬೆಳಕು ಬಿಟ್ಟ,
ಜಗ್ಗಿ ನೋಡಿದ, ಮತ್ತೊಮ್ಮೆ ಜಗ್ಗಿದ.
ಜಾರಂಗಿಲ್ಲಲ್ಲ, ಅಂದ.
ಬಿಚ್ಚೂದು ಹೆಂಗ?
ತೋರಿಸಿದೆ. ಬೊಟ್ಟಿಲೆ ಬಾಗಿಸಿದರ ತಾನ ಸಡಲ ಆಕ್ಕೈತಿ.
ಆ ಊರಾಗ ಇದನ್ನ ಯಾರು ಕಲಿಸಿದರು?
ಎಪ್ಪಾ, ಅದು ಊರಲ್ಲ, ಅಂದೆ.
ಉಳಿದದ್ದು ಬಾಯಿಗೆ ಬಂದು ನಿಂತಿತು.

ಆತ ಕಟ್ಟಿಗೆ ಒರಗಿ ಬೀಡಿ ಹಚ್ಚಾಕ ಹೋದ,
ಎರಡು ಕಡ್ಡಿ ಗಾಳಿಗೆ ಆರಿದವು.
ಮೂರನೇದು ಹತ್ತಿತೋ ಇಲ್ಲೋ ನೋಡಲಿಲ್ಲ,
ನೀರಿನ ಟಾಕಿ ಮರಿಗೆ ಮಗ್ಗಲಾಗಿದ್ದೆ.

ಕಣ್ಣು ಬಿಟ್ಟಾಗ ಮೈಮ್ಯಾಗ ಒಂದು ಕೌದಿ,
ಬಾಜೂ ಓಣ್ಯಾಗ ಮಗ್ಗ ಸುರು ಆಗಿದ್ದವು,
ಬಿಸಲು ಮಳಕಾಲುತನಕ ಬಂದಿತ್ತು.